ಬಳುಕುವ ಪಾಠ

ಒಂದೂರಿನ ಕೆರೆಯ ಏರಿಯ ಕೆಳಗೆ ಒಂದು ತಿಪ್ಪೆಯಿತ್ತು. ಅದರೊಳಗೆ ಎರೆಹುಳುಗಳದೊಂದು ರಾಜ್ಯ. ನಡುವಿನ ಬೆಚ್ಚನೆಯ ಸಗಣಿಯಲ್ಲಿ ಹಿರಿಯರ ವಾಸ, ಅಂಚಿನ ಒಣಮಣ್ಣಿನಲ್ಲಿ ಉಳಿದವರ ಪಾಡು. ಹೀಗಿರುವುದೇ ನ್ಯಾಯ ಎಂದು ಹೇಳುತ್ತಿದ್ದವರೂ ಆ ಹಿರಿಯರೇ ಅನ್ನಿ.

ಬೆಳಗಾದರೆ ಒಬ್ಬ ಮನುಷ್ಯ ಗುದ್ದಲಿ ಹಿಡಿದು ಬರುತ್ತಿದ್ದ. ಅಂಚನ್ನು ಕೆದಕಿ, ಸಿಕ್ಕ ಹುಳುಗಳನ್ನು ಅಂಗೈ ಮೇಲಿಟ್ಟು ನೋಡುತ್ತಿದ್ದ. ಚೆನ್ನಾಗಿ ಬಳುಕಿದವರು ಅವನ ತೆಂಗಿನ ಚಿಪ್ಪಿಗೆ, ಸುಮ್ಮನೆ ಬಿದ್ದವರು ವಾಪಸ್ಸು ತಿಪ್ಪೆಗೆ. ಹೊರಡುವಾಗ ತಿಪ್ಪೆಯ ನಡುವಿಗೆ ಒಂದು ಬುಟ್ಟಿ ತರಕಾರಿ ಸಿಪ್ಪೆ ಸುರಿಯುತ್ತಿದ್ದ. ಅದು ಯಾರ ಹೊಟ್ಟೆ ಸೇರುತ್ತಿತ್ತೆಂದು ಬಿಡಿಸಿ ಹೇಳಬೇಕೆ?

ಹಿರಿಯ ದಪ್ಪಯ್ಯ ಅಂಚಿನ ಮಕ್ಕಳಿಗೆಂದೇ ಒಂದು ಶಾಲೆ ತೆರೆದಿದ್ದ. ಅಲ್ಲಿ ಕಲಿಸುತ್ತಿದ್ದುದು ಬಳುಕುವ ವಿದ್ಯೆಯೊಂದೇ. ಆ ಚಿಪ್ಪು ಪಲ್ಲಕ್ಕಿ, ಅದು ಹೋಗುವುದು ಕೆರೆಯ ಅರಮನೆಗೆ, ಅಲ್ಲಿನ ಸುಖ ಬಿಟ್ಟು ಯಾರೂ ಮರಳುವುದಿಲ್ಲ ಎಂದು ಹೇಳಿಕೊಡುತ್ತಿದ್ದ. ಅವನ ಸ್ವಂತ ಮಕ್ಕಳು ಮಾತ್ರ ಆ ಶಾಲೆಯ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

ಅಂಚಿನ ನೀಳವ್ವನಿಗೆ ತಮ್ಮ ತೆಳ್ಳಪ್ಪನೆಂದರೆ ಪ್ರಾಣ. ಶಾಲೆಯಲ್ಲಿ ಅವನಷ್ಟು ಚೆನ್ನಾಗಿ ಬಳುಕುವವರಿರಲಿಲ್ಲ. ನಾಳೆಯ ಪಲ್ಲಕ್ಕಿ ನಿನ್ನದೇ ಎಂದು ದಪ್ಪಯ್ಯ ಎಲ್ಲರೆದುರು ಹೊಗಳಿದ ದಿನವೇ, ಹಿಂದೆ ಚಿಪ್ಪಿನಲ್ಲಿ ಹೋಗಿದ್ದ ನೆರೆಮನೆಯ ಕೆಂಚಣ್ಣ ಅರ್ಧ ಮೈಯಲ್ಲಿ ನೀಳವ್ವನ ಬಳಿಗೆ ತೆವಳಿಕೊಂಡು ಬಂದ.

"ಅರಮನೆ ಎಲ್ಲಿಂದ ಬರಬೇಕು ತಾಯಿ. ಕಬ್ಬಿಣದ ಕೊಕ್ಕೆ. ಜೀವಂತ ಚುಚ್ಚಿ ನೀರಿಗೆ ಇಳಿಬಿಡ್ತಾನೆ. ನೋವಿಗೆ ಒದ್ದಾಡಿದಷ್ಟೂ ಮೀನು ಹತ್ತಿರ ಬರುತ್ತೆ. ನನ್ನ ಅರ್ಧ ಅದು ತಿಂತು, ಉಳಿದದ್ದು ದಡಕ್ಕೆ ಬಿತ್ತು."

"ಮತ್ತೆ ಈ ಬಳುಕೋ ಪಾಠ ಯಾಕೆ?"

"ಸತ್ತ ಹಾಗೆ ಬಿದ್ದವರನ್ನ ಅವನು ಒಯ್ಯೋದಿಲ್ಲವಲ್ಲ."

ಇಷ್ಟು ಹೇಳಿ ಕೆಂಚಣ್ಣ ಪ್ರಾಣ ಬಿಟ್ಟ. ನೀಳವ್ವನ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇರುತ್ತದೆಯೇ? ಸಿಪ್ಪೆಯ ಆಸೆಗೆ ಕಂಡವರ ಮಕ್ಕಳನ್ನು ಕೊಕ್ಕೆಗೆ ಕೊಡುವುದಲ್ಲದೆ, ಚೆನ್ನಾಗಿ ಒದ್ದಾಡಿ ಸಾಯುವುದಕ್ಕೆ ತರಬೇತಿ ಬೇರೆ. ಇಂಥವರ ಮನೆ ಹಾಳಾಗ.

"ನಾಳೆ ಅವನ ಕೈಯಲ್ಲಿ ಸತ್ತವನ ಹಾಗೆ ಬಿದ್ದಿರು," ಎಂದಳು ತಮ್ಮನಿಗೆ.

"ಶಾಲೆಯ ಮರ್ಯಾದೆ ಹೋಗುತ್ತಲ್ಲ, ಅಕ್ಕಾ."

"ಹೋಗಲಿ. ನೀನು ಉಳಿ."

ಮರುದಿನ ಗುದ್ದಲಿ ಇಬ್ಬರನ್ನೂ ಮೇಲೆತ್ತಿತು. ತೆಳ್ಳಪ್ಪ ಅಲುಗಾಡದೆ ಬಿದ್ದ. ಮನುಷ್ಯ ಅವನನ್ನು ತಿಪ್ಪೆಗೆ ಎಸೆದ. ನೀಳವ್ವನೂ ಹಾಗೇ ಬಿದ್ದಿದ್ದರೆ ಉಳಿಯುತ್ತಿದ್ದಳು. ಬೀಳಬೇಕೆಂದೇ ಇದ್ದಳು ಕೂಡ. ಅಷ್ಟರಲ್ಲಿ ಕೆಳಗಿನ ಸಗಣಿಯಿಂದ ದಪ್ಪಯ್ಯನ ದನಿ ಕೇಳಿಸಿತು: "ಕುಲಗೇಡಿ. ಪಲ್ಲಕ್ಕಿಗೆ ಅವಮಾನ ಮಾಡಿದ."

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಕಳ್ಳರೇ, ನಮ್ಮ ಮಕ್ಕಳನ್ನ ಕೊಟ್ಟು ಹೊಟ್ಟೆ ಹೊರೀತೀರಲ್ಲ. ಅದು ಪಲ್ಲಕ್ಕಿಯಲ್ಲ, ಕೊಕ್ಕೆ!" ಒಂದೊಂದು ಮಾತಿಗೂ ಅವಳ ಮೈ ಸೆಟೆದು ಎದ್ದಿತು, ಸುತ್ತಿತು, ಅಂಗೈಗೆ ಅಪ್ಪಳಿಸಿತು. ಅಂಚಿನವರೆಲ್ಲ ತಲೆಯೆತ್ತಿ ಕೇಳಿದರು. ಮನುಷ್ಯನಿಗೆ ಮಾತು ಕೇಳಿಸಲಿಲ್ಲ. ಇಷ್ಟು ಚೆನ್ನಾಗಿ ಬಳುಕುವ ಹುಳುವನ್ನು ಅವನು ಈವರೆಗೆ ಕಂಡಿರಲಿಲ್ಲ. ಜೋಪಾನವಾಗಿ ಎತ್ತಿ ಚಿಪ್ಪಿಗೆ ಹಾಕಿಕೊಂಡ.

ಅಂದು ಸಂಜೆ ಅಂಚಿನಲ್ಲಿ ಗುಸುಗುಸು ಎದ್ದಿತು. ದಪ್ಪಯ್ಯ ಸಭೆ ಕರೆದ. ಬೈಯುತ್ತಾನೆಂದು ಎಲ್ಲರೂ ಹೆದರಿದ್ದರು. ಅವನು ಗದ್ಗದ ದನಿಯಲ್ಲಿ, "ನೀಳವ್ವ ಹೇಳಿದ್ದರಲ್ಲಿ ಸತ್ಯವಿದೆ. ಅವಳ ಕೆಚ್ಚು ನಮ್ಮ ಮಕ್ಕಳಿಗೆಲ್ಲ ಬರಬೇಕು," ಎಂದ. ಹಲವರು ಅತ್ತರು. ತೆಳ್ಳಪ್ಪನಿಗೆ ತಿಪ್ಪೆಯ ನಡುವೆ ಮನೆ ಕೊಟ್ಟು, ಶಾಲೆಯ ಮೇಷ್ಟ್ರನ್ನಾಗಿ ಮಾಡಿದರು.

ಮರುದಿನದಿಂದ ತೆಳ್ಳಪ್ಪ ಸಿಪ್ಪೆ ತಿಂದುಬಂದು ಪಾಠ ಶುರು ಮಾಡಿದ. ಅಕ್ಕನ ಮಾತನ್ನು ಒಂದಕ್ಷರ ಬಿಡದೆ ಹೇಳಿ, ಯಾವ ಮಾತಿಗೆ ಅವಳ ಮೈ ಹೇಗೆ ಎದ್ದಿತೆಂದು ತೋರಿಸಿಕೊಟ್ಟ. ಮಕ್ಕಳು "ಕಳ್ಳರೇ" ಎಂದು ಒಕ್ಕೊರಲಿನಿಂದ ಕೂಗುತ್ತ, ಮೈ ಸೆಟೆದು, ಸುತ್ತಿ, ಅಪ್ಪಳಿಸುವುದನ್ನು ಕಲಿತರು.

ಮನುಷ್ಯ ಈಗ ಚಿಪ್ಪು ಬಿಟ್ಟು ಬಕೆಟ್ ತರುತ್ತಾನೆ.