ಹಂಡೆಯ ಸಂದಿಗೆ ನೀರೇ ಸಾಕು

ನನಗೆ ಕೋಪ ಮೂಗಿನ ತುದಿಯಲ್ಲಿ, ಅಣ್ಣನಿಗೆ ಬದುಕೇ ಮೂಗಿನ ತುದಿಯಲ್ಲಿ ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದರು. ಸುಳ್ಳೇನಲ್ಲ. ಸೇಬಿನ ರಸ ಹುಳಿಸಿ ಮದ್ಯ ಇಳಿಸುವ ನಮ್ಮ ಭಟ್ಟಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಇರುವೆ ಎಂದು. ಸಕ್ಕರೆ ಎಲ್ಲಿ ಬಚ್ಚಿಟ್ಟರೂ ಇರುವೆಗೆ ಗೊತ್ತಾಗುತ್ತದಲ್ಲ, ಹಾಗೆ. ಹಂಡೆ ಕಾದಾಗ ಕೊಳವೆಯಿಂದ ಮೊದಲು ಇಳಿಯುವುದು ಕುಡಿಯಬಾರದ ಘಾಟು ದ್ರವ. ಅಣ್ಣ ಅದನ್ನು ಅಂಗೈಗೆ ಹಿಡಿದು, ಉಜ್ಜಿ, ಮೂಸುತ್ತ ನಿಲ್ಲುತ್ತಿದ್ದ. ಘಾಟು ಹೋಗಿ ಹಣ್ಣಿನ ಪರಿಮಳ ಇಳಿದ ಗಳಿಗೆಗೆ "ಬಂತು" ಎನ್ನುತ್ತಿದ್ದ. ಪಕ್ಕದಲ್ಲೇ ನಿಂತ ನಾನು ಪಾತ್ರೆ ಬದಲಿಸುತ್ತಿದ್ದೆ. ಆ ಒಂದು ಮಾತೇ ಅವನ ಕೆಲಸ, ಅದೇ ಅವನ ಮರ್ಯಾದೆ.

ಹಳೆಯ ಹಂಡೆ ಸವೆದು ಹೊಸದು ಬಂತು. ಇದು ಜಾಕೆಟ್ ಹಂಡೆ, ಎರಡು ಗೋಡೆಯದು. ಗೋಡೆಗಳ ನಡುವಿನ ಸಂದಿಗೆ ಯಾವುದಾದರೂ ದ್ರವ ತುಂಬಿ ಕಾಯಿಸಿದರೆ, ಅದು ಒಳಗಿರುವ ಹಣ್ಣಿನ ರಸವನ್ನು ಕಾಯಿಸುತ್ತದೆ. ಬೆಂಕಿ ನೇರವಾಗಿ ತಾಗುವುದಿಲ್ಲ, ತಳ ಸೀಯುವುದಿಲ್ಲ. ಸಂದಿಗೆ ಏನು ತುಂಬುವುದು ಎಂಬ ಮಾತಿಗೇ ನಮ್ಮಿಬ್ಬರಿಗೂ ಜಗಳ ಹತ್ತಿಕೊಂಡಿತು.

"ಎಣ್ಣೆ ಹಾಕೋಣ," ಎಂದೆ ನಾನು. "ನೀರು ಕುದಿಯೋ ಮಟ್ಟ ದಾಟಲ್ಲ. ಕೊನೆಕೊನೆಗೆ ಹಂಡೆ ಬಿಸಿ ಸಾಲದೆ ಹನಿಹನಿಯಾಗಿ ಇಳಿಯುತ್ತೆ. ಕಾಯ್ತಾ ಕೂತರೆ ನನ್ನ ತಲೆಯೇ ಕುದಿಯುತ್ತೆ."

"ಬೇಡ. ನೀರೇ ಸಾಕು."

"ಗ್ಲೈಕಾಲ್ ಆದರೂ ಹಾಕೋಣ, ಅದೂ ನೀರಿಗಿಂತ ಹೆಚ್ಚು ಕಾಯುತ್ತೆ."

"ಅದರಲ್ಲಿ ಎರಡು ಜಾತಿ. ಒಂದು ನಿರುಪದ್ರವಿ, ಇನ್ನೊಂದು ವಿಷ. ಯಾರಾದರೂ ಒಂದು ದಿನ ತಪ್ಪು ಡಬ್ಬ ಎತ್ಕೊಂಡು ಬಂದರೆ?"

"ಸರಿ, ಎಣ್ಣೆಗೇನು ರೋಗ?"

"ಬೆಸುಗೆ ಯಾವತ್ತಿದ್ದರೂ ಬಿರುಕು ಬಿಡುತ್ತೆ ಮರಿ. ನೀರು ಸೋರಿದರೆ ನೀರು, ಅಷ್ಟೇ. ಎಣ್ಣೆ ಸೋರಿ ಮದ್ಯಕ್ಕೆ ಸೇರಿದರೆ ಯಾರಿಗೆ ಗೊತ್ತಾಗುತ್ತೆ?"

ನಾನು ನಕ್ಕುಬಿಟ್ಟೆ. "ಯಾರಿಗೆ ಗೊತ್ತಾಗುತ್ತೆ ಅಂತೀಯಲ್ಲ! ಪಕ್ಕದ ಬೀದೀಲಿ ಹಾಲು ಉಕ್ಕಿದರೆ ಇಲ್ಲಿಂದ ಹೇಳೋನು ನೀನು."

ಅಣ್ಣ ನಗಲಿಲ್ಲ. ಬಟ್ಟೆ ತೆಗೆದುಕೊಂಡು, ಮೊದಲೇ ಹೊಳೆಯುತ್ತಿದ್ದ ತಾಮ್ರವನ್ನು ಮತ್ತೆ ಒರೆಸತೊಡಗಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನಕ್ಕೆ ಏನು ಹೇಳುವುದು ಎಂದು ನಾನು ಗೊಣಗಿದೆ.

ಮರುದಿನ ಎಣ್ಣೆ ಕಂಪನಿಯವನನ್ನು ನಾನೇ ಕರೆಸಿದೆ. ಎಣ್ಣೆ ಇಳಿಸುವವರಿಗೇ ಎಣ್ಣೆ ಮಾರಲು ಬಂದೆ ಎಂದು ತನ್ನ ಜೋಕಿಗೆ ತಾನೇ ನಕ್ಕ. ಹಂಡೆ ಮಾಡಿದ ಕಂಚುಗಾರನೂ ಬೆಸುಗೆ ನೋಡಲು ಬಂದಿದ್ದ. ಕಂಪನಿಯವನು ಮೇಜಿನ ಮೇಲೆ ಎರಡು ಬಾಟಲಿ ಇಟ್ಟ. ಒಂದರಲ್ಲಿ ನೀರಿನಷ್ಟು ತಿಳಿಯಾದ ಹೊಸ ಎಣ್ಣೆ, ಇನ್ನೊಂದರಲ್ಲಿ ಕಪ್ಪು ಮಡ್ಡಿ.

"ಮುಚ್ಚುಮರೆ ಯಾಕೆ ಮೇಡಂ? ಅತಿಯಾಗಿ ಕಾಯಿಸಿ, ಬದಲಾಯಿಸದೆ ಬಿಟ್ಟರೆ ಹಿಂಗಾಗುತ್ತೆ. ವಾಸನೆ ಬಂದ ಕೂಡಲೇ ಬದಲಾಯಿಸಿದರೆ ಆಯ್ತು," ಎಂದು ಕಪ್ಪು ಬಾಟಲಿಯ ಮುಚ್ಚಳ ತೆಗೆದ.

ಸುಟ್ಟ ರಬ್ಬರಿನಂಥ ದುರ್ನಾತ. ನನಗೆ ವಾಕರಿಕೆ ಬಂತು. ಕಂಚುಗಾರ ಬಾಗಿಲಾಚೆ ಓಡಿದ. ಅಣ್ಣ ಬಾಟಲಿ ಎತ್ತಿ ಮೂಗಿನ ಹತ್ತಿರ ಹಿಡಿದ. ಉಸಿರನ್ನು ಆಳವಾಗಿ ಎಳೆದುಕೊಂಡ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಆಮೇಲೆ ಕಣ್ಣೆತ್ತಿ ನನ್ನ ಮುಖ ನೋಡಿದ. ನೋಡಿದ ಮೇಲೆ ಮೂಗು ಮುರಿದ.

ನಾನು ಕಂಪನಿಯವನ ಕಡೆ ತಿರುಗಿದೆ.

"ನೀರೇ ಹಾಕ್ತೀವಿ," ಎಂದೆ.

"ಮೇಡಂ, ಫೋನಲ್ಲಿ ಎಣ್ಣೆನೇ ಬೇಕು ಅಂದಿದ್ರಿ..."

"ಅಂದಿದ್ದೆ. ಈಗ ಬೇಡ ಅಂತಿದೀನಿ. ನಿಮ್ಮ ಬಾಟಲಿ ಮುಚ್ಚಿ."

ಅಣ್ಣ ನನ್ನನ್ನು ನೋಡಿದ, ನಾನು ಗೋಡೆ ನೋಡಿದೆ.

ಅಲ್ಲಿಂದ ನೆಟ್ಟಗೆ ಅತ್ತಿಗೆಯ ಅಡುಗೆಮನೆಗೆ ಹೋದೆ. "ಯಾವಾಗಿಂದ?" ಎಂದು ಕೇಳಿದೆ. ಏನು ಯಾವಾಗಿಂದ ಎಂದು ಅವರು ಕೇಳಲಿಲ್ಲ. ಸ್ಟೌ ಆರಿಸಿ, ಸೆರಗಿನಿಂದ ಕಣ್ಣೊತ್ತಿಕೊಂಡರು.

"ಅವರಿಗೆ ಆ ಜ್ವರ ಬಂತಲ್ಲ, ಆಗಿಂದ. ಜ್ವರ ಹೋಯ್ತು, ಮೂಗು ವಾಪಸ್ ಬರಲಿಲ್ಲ. ಡಾಕ್ಟರು ಕೈ ಚೆಲ್ಲಿದರು. ನಿನಗೆ ಹೇಳಿದರೆ ನನ್ನಾಣೆ ಅಂದಿದ್ದರು ಕಣೇ."

"ಮತ್ತೆ ಇಷ್ಟು ದಿನ 'ಬಂತು' ಅಂತ ಹೇಗೆ ಹೇಳ್ತಿದ್ದ? ಒಂದು ಸಲಾನೂ ತಪ್ಪಲಿಲ್ಲವಲ್ಲ!"

"ನಿನ್ನ ಮುಖ ನೋಡಿ. ಘಾಟು ಇರೋವರೆಗೂ ನಿನ್ನ ಹುಬ್ಬು ಗಂಟಿಕ್ಕಿರುತ್ತಂತೆ. ಪರಿಮಳ ಬಂದ ತಕ್ಷಣ ಬಿಚ್ಚಿಕೊಳ್ಳುತ್ತಂತೆ. ಅವಳ ಮುಖದಲ್ಲಿ ಸೇಬು ಕಾಣುತ್ತೆ ಅಂತಿದ್ದರು."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅವನಿಗಾಗಿ ದುಃಖವಾಯಿತು, ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಯಾವುದು ಎಷ್ಟು ಎಂದು ಇವತ್ತಿಗೂ ಬಿಡಿಸಲಾರೆ. ಸೋರುವ ಎಣ್ಣೆಗೆ ಅವನು ಯಾಕೆ ಹೆದರಿದ್ದ ಎಂಬುದು ಮಾತ್ರ ಸ್ಪಷ್ಟವಾಯಿತು. ಯಾರಿಗೆ ಗೊತ್ತಾಗುತ್ತೆ ಎಂದು ಅವನು ಕೇಳಿದ್ದು ತನ್ನನ್ನೇ.

ಹೊಸ ಹಂಡೆಯ ಸಂದಿಗೆ ನೀರು ತುಂಬಿದೆವು. ಮೊದಲ ಸಲ ಇಳಿಸುವ ದಿನ ಕಂಚುಗಾರ ಬಂದ, ಕೆಲಸದವರೆಲ್ಲ ಸುತ್ತ ನೆರೆದರು. ಇರುವೆಯ ಬಾಯಿಂದ "ಬಂತು" ಕೇಳಬೇಕೆಂದು ಎಲ್ಲರಿಗೂ ಆಸೆ. ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ: ಏನೂ ಗೊತ್ತಿಲ್ಲದವಳ ಹಾಗೆ ನಿಲ್ಲುವುದು, ಪರಿಮಳ ಬಂದಾಗ ಹುಬ್ಬು ಸಡಿಲಿಸುವುದು. ಯಾರ ಮುಂದೆಯೂ ಅಣ್ಣನ ತಲೆ ತಗ್ಗಬಾರದು. ಎಷ್ಟು ಸುಲಭದ ಕೆಲಸ!

ಕೊಳವೆಯಿಂದ ಹನಿ ಇಳಿಯಿತು, ಹನಿ ಧಾರೆಯಾಯಿತು. ಅಣ್ಣ ಅಂಗೈ ಉಜ್ಜಿದ, ಮೂಸಿದ, ಕಣ್ಣೆತ್ತಿ ನನ್ನ ಮುಖ ನೋಡಿದ. ಆ ನೋಟದಲ್ಲಿ ಎಷ್ಟೊಂದು ನಂಬಿಕೆಯಿತ್ತು. ನಾನು ಲೆಕ್ಕಕ್ಕಿಟ್ಟುಕೊಳ್ಳದಿದ್ದದ್ದು ಅದನ್ನೇ. ಕಣ್ಣು ತುಂಬಿತು, ಮುಖವೆಲ್ಲ ಹಿಂಡಿಹೋಯಿತು. ಅಷ್ಟರಲ್ಲಿ ಪರಿಮಳ ಬಂದುಬಿಟ್ಟಿತ್ತು. ಬಾಗಿಲಲ್ಲಿದ್ದವರಿಗೂ ತಿಳಿಯುವಷ್ಟು. ಅಣ್ಣ ನನ್ನ ಅಳುಮುಖ ನೋಡಿ, ಇನ್ನೂ ಘಾಟು ಹೋಗಿಲ್ಲವೆಂದುಕೊಂಡು ಕಾಯುತ್ತಲೇ ಇದ್ದ. ಒಳ್ಳೆಯ ಮದ್ಯವೆಲ್ಲ ಘಾಟು ದ್ರವ ಹಿಡಿದು ಚೆಲ್ಲುವ ಪಾತ್ರೆಗೆ ಸುರಿಯುತ್ತಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಣ್ಣಾ," ಎಂದೆ. ದನಿ ನನ್ನದಲ್ಲ ಎನಿಸಿತು. "ಬಂತು."

ಅಣ್ಣ ಅಂಗೈಯನ್ನು ನಿಧಾನವಾಗಿ ಪ್ಯಾಂಟಿಗೆ ಒರೆಸಿಕೊಂಡ. ಕೊಳವೆಯ ಮುಂದಿನಿಂದ ಪಕ್ಕಕ್ಕೆ ಸರಿದ.

"ಇಲ್ಲಿ ನಿಂತ್ಕೋ," ಎಂದ. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ಹೇಗಿದೆ ಮರಿ?"

"ಅಮ್ಮ ಸೇಬನ್ನ ಪೇಪರಲ್ಲಿ ಸುತ್ತಿ ಟ್ರಂಕಲ್ಲಿ ಇಡ್ತಿದ್ದಳಲ್ಲ, ಮುಚ್ಚಳ ತೆಗೆದಾಗ ಬರ್ತಿತ್ತಲ್ಲ..."

"ಹೂಂ," ಎಂದ. "ಅದು ನೆನಪಿದೆ."

ನಾನು ಪಾತ್ರೆ ಬದಲಿಸಲು ಬಗ್ಗಿದೆ. ಅಣ್ಣ ಆಗಲೇ ಬದಲಿಸಿದ್ದ.