ಗಂಡನ ‘ಹೂಂ’ ಮತ್ತು ನಾಳೆಯ ಕರೆಂಟು

ಗಂಡ ಹೆಂಡತಿ ಇಬ್ಬರದೂ ಕರೆಂಟು ಕೊಳ್ಳುವ ಕೆಲಸ. ಅದೂ ಎದುರುಬದುರು ಕಂಪನಿಗಳಲ್ಲಿ. ನದಿಯ ಈಚೆ ದಡಕ್ಕೆ ವಿದ್ಯುತ್ ಕೊಡುವ ಕಂಪನಿ ಅವಳದು, ಆಚೆ ದಡದ್ದು ಅವನದು. ನಾಳೆಗೆ ಎಷ್ಟು ಬೇಕು, ಯಾರಿಂದ ತರಬೇಕು, ಪಕ್ಕದ ಕಂಪನಿಗೆ ಎಷ್ಟು ಕೈಬದಲು ಕೊಡಬಹುದು ಎಂದು ಇವತ್ತೇ ಲೆಕ್ಕ ಹಾಕಿ ಮಾರುಕಟ್ಟೆಯಲ್ಲಿ ಹಿಡಿದಿಡಬೇಕು. ಮೊದಲು ಹೋದವರಿಗೆ ಅಗ್ಗ, ತಡವಾದವರಿಗೆ ಕಣ್ಣಲ್ಲಿ ನೀರು. ಹಾಗಾಗಿ ಮದುವೆಯಾದ ಹೊಸದರಲ್ಲೇ ಇಬ್ಬರೂ ಮಾತಾಡಿಕೊಂಡಿದ್ದರು: ಕಚೇರಿಯನ್ನು ಹೊಸಿಲಿನಾಚೆಗೇ ಬಿಟ್ಟು ಬರಬೇಕು, ಮನೆಯೊಳಗೆ ಯೂನಿಟ್ಟು, ದರ, ಕೊರತೆ ಎಂಬ ಸೊಲ್ಲೇ ಎತ್ತಕೂಡದು. ಅಷ್ಟು ವರ್ಷದಲ್ಲಿ ಒಮ್ಮೆಯೂ ಒಬ್ಬರೂ ಬಾಯಿ ಬಿಟ್ಟವರಲ್ಲ. ಅದನ್ನು ಮಾತ್ರ ಮೆಚ್ಚಲೇಬೇಕು.

ಕಚೇರಿಯಲ್ಲಿ ಅವಳಿಗೆ ಜೋಯಿಸಮ್ಮ ಎಂದು ಅಡ್ಡಹೆಸರು. ಬೆಲೆ ಯಾವತ್ತು ಏರುತ್ತದೆ ಎಂಬುದು ಅವಳಿಗೆ ಹೇಗೋ ಮೊದಲೇ ಗೊತ್ತಾಗಿಬಿಡುತ್ತಿತ್ತು. ಅಂಥ ದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಹಿಡಿದಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆಚೆ ದಡದ ಕಂಪನಿಯವರು ಪರದಾಡಿಕೊಂಡು ಬಂದರೆ ಅದನ್ನೇ ಅವರಿಗೆ ದುಬಾರಿಗೆ ಕೊಡುವುದು. ಆ ಕಂಪನಿಯಲ್ಲೋ, ಒಂದು ಕಾಗದಕ್ಕೆ ಊರವರ ಸಹಿಯೆಲ್ಲ ಬೀಳಬೇಕು. ಅಷ್ಟರಲ್ಲಿ ಸಂತೆಯೇ ಮುಗಿದಿರುತ್ತಿತ್ತು.

“ಜೋಯಿಸಮ್ಮ, ಅದ್ಹೇಗ್ರೀ ನಿಮಗೆ ಗೊತ್ತಾಗುತ್ತೆ?” ಎಂದು ಅವಳ ಮೇಲಧಿಕಾರಿ ಕೇಳಿದರೆ, “ಏನೋ ಸಾರ್, ಹಾಗನ್ಸುತ್ತೆ ಅಷ್ಟೆ” ಎಂದು ನಗುತ್ತಿದ್ದಳು. ಸುಳ್ಳೇನೂ ಹೇಳುತ್ತಿರಲಿಲ್ಲ. ಪಾಪ, ಅವಳಿಗೂ ಗೊತ್ತಿರಲಿಲ್ಲ.

ಯಾವ ಕಂಪನಿ ಯಾರಿಂದ ಎಷ್ಟು ಕೊಂಡಿತು, ಯಾರೊಂದಿಗೆ ಎಷ್ಟು ಅದಲುಬದಲು ಮಾಡಿತು ಎಂಬ ಅಂಕಿಅಂಶವನ್ನು ಸರ್ಕಾರ ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. ಅದನ್ನು ಓದುವ ಪುಣ್ಯಾತ್ಮ ಯಾರೂ ಇರಲಿಲ್ಲ. ಈ ಸಲ ಗಂಡನ ಕಂಪನಿಗೆ ಹೊಸದಾಗಿ ಬಂದ ಲೆಕ್ಕಪರಿಶೋಧಕನಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೋ ಏನೋ, ಎರಡೂ ಕಂಪನಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಆಚೆ ದಡಕ್ಕೆ ಕೊರತೆ ಬಿದ್ದ ದಿನವೆಲ್ಲ ಈಚೆ ದಡದವರು ಬೆಳಗ್ಗೆಯೇ ಧಾರಾಳವಾಗಿ ಕೊಂಡಿದ್ದರು. ಯಾವತ್ತೋ ಒಂದು ದಿನವಾದರೆ ಅದೃಷ್ಟ ಎನ್ನಬಹುದು. ಪ್ರತಿ ಸಲವೂ ಅಂದರೆ? ಕೊಳ್ಳುವವಳು ಯಾರ ಹೆಂಡತಿ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಂದು ಸಂಜೆ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆಡಬಾರದೆಂದಿದ್ದ ಮಾತನ್ನು ಆಡಿದ.

“ಕೊರತೆ ವಿಷ್ಯ ನಾನೇ ನಿಂಗೆ ಹೇಳ್ತಿದ್ದೆ ಅಂತಿದ್ದಾರೆ ಕಣೇ. ಕೆಲಸಕ್ಕೇ ಕುತ್ತು ಬಂದಿದೆ. ಮನೇಲಿ ಒಂದಕ್ಷರ ಆಡಿಲ್ಲ ಅಂತ ಆಣೆ ಮಾಡಿ ಬಂದೆ. ಆಡಿದ್ದೀನಾ?”

“ಅಯ್ಯೋ, ಯಾವತ್ತು ಆಡಿದ್ದೀಯ? ನಾಳೆ ನಾನೇ ನಿಮ್ಮ ಆಫೀಸಿಗೆ ಬಂದು ಹೇಳ್ತೀನಿ.”

“ಹೂಂ.”

“ಇಲ್ಲಾಂದ್ರೆ ಮೊದ್ಲು ಯಾರಾದ್ರೂ ವಕೀಲರನ್ನ ನೋಡೋಣ.”

“ಹೂಂ.”

ಆ ಎರಡನೆಯ ಹೂಂ ಕಿವಿಗೆ ಬಿದ್ದದ್ದೇ ತಡ, ಅವಳಿಗೆ ಎಲ್ಲ ಹೊಳೆಯಿತು. ಈ ಮನುಷ್ಯ ಹುಟ್ಟಾ ವಾದಿ. ಪರದೆ ನೀಲಿ ಇರಲಿ ಎಂದರೆ ಹಸಿರು ಎನ್ನುವವನು, ಹಸಿರು ತಂದರೆ ನೀಲಿಯೇ ವಾಸಿಯಿತ್ತು ಎನ್ನುವವನು. ಆದರೆ ಕೆಲವು ಸಂಜೆ ಮಾತ್ರ ಎಲ್ಲಕ್ಕೂ ಹೂಂಗುಟ್ಟುತ್ತಿದ್ದ. ‘ನಮ್ಮಮ್ಮ ಬಂದು ತಿಂಗಳು ಇರ್ತಾರಂತೆ’ ಎಂದರೂ ಹೂಂ. ಅಂಥ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ, ಏನೋ ಕಳವಳ. ಬೇಗ ಎದ್ದು, ಬೇಗ ಕಚೇರಿಗೆ ಹೋಗಿ, ‘ಇವತ್ತು ಯಾಕೋ ಬೆಲೆ ಏರುತ್ತೆ’ ಅನ್ನಿಸಿ ಕೊಂಡುಬಿಡುತ್ತಿದ್ದಳು. ನಾಳೆಯ ಕೊರತೆಯ ಬಗ್ಗೆ ಗಂಡನಿಗಿದ್ದ ಚಿಂತೆಯನ್ನು ಮನೆಯಿಂದ ಹೊತ್ತೊಯ್ದು ಅವನ ಕಂಪನಿಗೇ ಮಾರುತ್ತಿದ್ದಳಲ್ಲ! ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮುಚ್ಚಿಡಬಹುದಿತ್ತು. ಗಂಡನಿಂದ ಏನನ್ನೂ ಮುಚ್ಚಿಟ್ಟು ಅಭ್ಯಾಸವಿಲ್ಲದವಳು, ಎಲ್ಲವನ್ನೂ ಹೇಳಿಬಿಟ್ಟಳು. ಅವನು ಕುರ್ಚಿ ಎಳೆದುಕೊಂಡು ಕೂತ.

“ಅಂದ್ರೆ ನಾನು ಮಾಡಿದ್ದು ಸುಳ್ಳಾಣೆ.”

“ನಿಂದೇನೋ ತಪ್ಪು? ಗಂಡನ ಹೂಂ ಕೇಳಿ ಹೆಂಡ್ತಿ ಕರೆಂಟ್ ಕೊಂಡ್ಲು ಅಂದ್ರೆ ಯಾರಾದ್ರೂ ನಂಬ್ತಾರಾ? ನಾನೇ ಆ ಖರೀದಿ ಕೆಲಸ ಬಿಟ್ಟುಬಿಡ್ತೀನಿ ಬಿಡು.”

“ನೀನು ಬಿಟ್ಟರೂ ಅಷ್ಟೆ, ಇಟ್ಟರೂ ಅಷ್ಟೆ. ನನ್ನನ್ನ ನೋಡಿ ಇನ್ಮೇಲೆ ನಿಂಗೇನೂ ತಿಳಿಬಾರ್ದು. ಅಷ್ಟು ನಾನು ನೋಡ್ಕೋತೀನಿ.”

ಸಿಟ್ಟಿನಿಂದ ಅಂದಿದ್ದರೆ ಅವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. ಅವನು ತಣ್ಣಗೆ ಅಂದ.

ಅವಳು ಹೇಳಿದಂತೆಯೇ ಖರೀದಿಯ ಕೆಲಸ ಬಿಟ್ಟು, ಗ್ರಾಹಕರ ಬೈಗುಳ ಕೇಳುವ ದೂರು ವಿಭಾಗಕ್ಕೆ ಹೋದಳು. ಅವನೂ ಒಂದು ಸಂಜೆ ಬಂದು, “ಎಚ್ಚರಿಕೆ ಕೊಟ್ಟು ಬಿಟ್ರು, ಎಲ್ಲಾ ಮುಗೀತು” ಎಂದ. ಮರುಕ್ಷಣವೇ, ಉಪ್ಪಿನ ಡಬ್ಬಿಯನ್ನು ಒಲೆಯ ಪಕ್ಕ ಇಡುವುದು ಯಾವ ಸೀಮೆ ಪದ್ಧತಿ ಎಂದು ಕಾಲು ಕೆರೆದು ಜಗಳಕ್ಕೆ ನಿಂತ. ಅಬ್ಬಾ, ಅವಳಿಗೆ ಹೋದ ಜೀವ ಬಂದಂತಾಯಿತು! ಅಂದಿನಿಂದ ದಿನಾ ವಾದ: ಪರದೆಗೆ, ಪಾತ್ರೆಗೆ, ಕಿಟಕಿ ತೆರೆದದ್ದಕ್ಕೆ, ಮುಚ್ಚಿದ್ದಕ್ಕೆ. ಅಷ್ಟು ಖುಷಿಯಾಗಿ ಗಂಡನಿಂದ ಬೈಸಿಕೊಂಡವಳು ಲೋಕದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗಂಡನ ಅಕ್ಕ ಅವಳ ಕಚೇರಿಗೆ ಫೋನ್ ಮಾಡಿದರು.

“ಅವನಿಗೆ ಬೇರೆ ಕೆಲಸ ಎಲ್ಲಾದ್ರೂ ನೋಡಿದ್ಯೇನೇ?”

“ಬೇರೆ ಕೆಲಸನಾ? ಯಾಕೆ ಅತ್ತಿಗೆ?”

“ಅಯ್ಯೋ ದೇವರೇ, ನಿಂಗೆ ಗೊತ್ತಿಲ್ವಾ? ಅವನ್ನ ತೆಗೆದುಹಾಕಿ ಆಗ್ಲೇ ತಿಂಗಳಾಗ್ತಾ ಬಂತು. ಬೆಳಗ್ಗೆ ಬ್ಯಾಗ್ ಹಿಡ್ಕೊಂಡು ಇಲ್ಲಿಗೆ ಬರ್ತಾನೆ, ಸಂಜೆ ತನಕ ಮೂಲೇಲಿ ಕೂತಿರ್ತಾನೆ. ಊಟ ಹಾಕ್ಲಾ ಅಂದ್ರೂ ಹೂಂ, ಸ್ವಲ್ಪ ಮಲಗೋ ಅಂದ್ರೂ ಹೂಂ. ನಂಗ್ಯಾಕೋ ಹೆದರಿಕೆ ಆಗುತ್ತೆ ಕಣೇ.”

ಅವಳು ಫೋನ್ ಇಟ್ಟು ನೇರ ಮನೆಗೆ ಬಂದಳು. ಸಂಜೆ ಅವನು ಎಂದಿನ ಹೊತ್ತಿಗೇ ಬಂದ. ಬ್ಯಾಗು ಹೆಗಲ ಮೇಲಿರುವಾಗಲೇ ಶುರು ಮಾಡಿದ.

“ಯಾರು ಈ ಫ್ಯಾನ್ ಇಷ್ಟು ಜೋರಾಗಿ ಹಾಕಿರೋದು? ನಂಗೆ ನೆಗಡಿ ಆಗ್ಲಿ ಅಂತಾನಾ?”

“ನಿನ್ನಕ್ಕ ಫೋನ್ ಮಾಡಿದ್ರು.”

ಅವನು ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟ.

“ಅದಕ್ಕೂ ಮೊದ್ಲು ನಿಂಗೆ ಅನುಮಾನ ಬಂದಿತ್ತಾ? ನನ್ನನ್ನ ನೋಡಿ?”

“ಇಲ್ಲ ಕಣೋ. ಒಂಚೂರೂ ಗೊತ್ತಾಗ್ಲಿಲ್ಲ.”

“ಸದ್ಯ,” ಎಂದು ಅವನು ನಿಟ್ಟುಸಿರು ಬಿಟ್ಟ.

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.