ಸಾಹೇಬರು ಒಪ್ಪುವುದಿಲ್ಲ

"ತೀರ್ಮಾನ ಆಗಿಹೋಯ್ತು ತಮ್ಮಾ. ಹದಿನೇಳು ಅಂಗಡಿಯವರೂ ನಿಮ್ಮ ಕಂಪನಿ ಬಿಡ್ತಾ ಇದೀವಿ," ಎಂದಳು ಕನ್ನಡಕದಂಗಡಿಯ ಅಕ್ಕ, ಫ್ರೇಮುಗಳನ್ನು ಒಂದೊಂದಾಗಿ ಒರೆಸಿ ಕಪಾಟಿನಲ್ಲಿಡುತ್ತ. "ಬೇಜಾರು ಮಾಡ್ಕೋಬೇಡ. ಇದೆಲ್ಲಾ ನಿನಗೋಸ್ಕರಾನೇ ಮಾಡಿದ್ದು."

ಕಣ್ಣು ಪರೀಕ್ಷೆಯ ಸ್ಟೂಲಿನ ಮೇಲೆ ಕೂತಿದ್ದ ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಕನ್ನಡಕದಂಗಡಿಗಳಿಗೆಂದೇ ಅವನು ಬರೆದ ಸಾಫ್ಟ್‌ವೇರ್ ಅದು. ಯಾರ ಕಣ್ಣಿಗೆ ಎಷ್ಟು ಪವರ್, ಯಾವ ಫ್ರೇಮು ಯಾರಿಗೆ ಹೋಯಿತು, ಮತ್ತೆ ಯಾವಾಗ ಪರೀಕ್ಷೆಗೆ ಕರೆಯಬೇಕು, ಎಲ್ಲ ಅದರಲ್ಲಿತ್ತು. ಹನ್ನೊಂದು ವರ್ಷ ಮೆಟ್ಟಿಲು ಹತ್ತಿ ಇಳಿದು ಹತ್ತೊಂಬತ್ತು ಅಂಗಡಿ ಕೂಡಿಸಿದ್ದ. ಹದಿನೇಳು ಹೋದರೆ ಉಳಿಯುವುದು ಆಫೀಸು ಕೋಣೆಯ ಹೊರಗಿನ ಬೋರ್ಡು ಮಾತ್ರ.

"ನಮ್ಮಿಂದ ಏನು ತಪ್ಪಾಯ್ತಕ್ಕಾ?"

"ನಿನ್ನಿಂದಲ್ಲಪ್ಪಾ, ನಿಮ್ಮ ಸಾಹೇಬನಿಂದ. ತಾಯಿಗೆ ಆಪರೇಷನ್ ನಡೀತಿರುವಾಗಲೂ ರಜೆ ಕೊಡದೆ ನಿನ್ನನ್ನ ದುಡಿಸ್ಕೊಂಡ್ನಲ್ಲ, ಅದನ್ನ ನಮ್ಮ ಅಂಗಡಿಯವರ ಸಂಘದ ಸಭೇಲಿ ನಾನೇ ಎತ್ತಿದೆ. ಅಂಥವನ ಹೊಟ್ಟೆ ನಾವ್ಯಾಕೆ ತುಂಬಿಸ್ಬೇಕು?"

ಸಾಹೇಬರೆಂಬವರು ಇರಲೇ ಇಲ್ಲ.

ಕಂಪನಿಯಲ್ಲಿ ಇದ್ದದ್ದು ಅವನೊಬ್ಬನೇ. ಬರೆಯುವವನೂ ಅವನೇ, ಮಾರುವವನೂ ಅವನೇ, ಕಸ ಗುಡಿಸುವವನೂ ಅವನೇ. ಆದರೆ ಮೆತ್ತನೆಯ ಮನುಷ್ಯ. ಇಲ್ಲ ಎನ್ನಲು ಬಾಯಿ ಬಾರದು. ಕೇಳಿದವರಿಗೆಲ್ಲ ಬಿಟ್ಟಿ ಮಾಡಿಕೊಟ್ಟು ಹೈರಾಣಾದಾಗ ಹೆಂಡತಿಯೇ, "ಇಲ್ಲ ಅನ್ನೋಕೆ ಯಾರನ್ನಾದ್ರೂ ಕೆಲಸಕ್ಕಿಟ್ಕೊಳ್ಳಿ," ಎಂದು ಹಂಗಿಸಿದ್ದಳು. ಇಟ್ಟುಕೊಂಡ. ಸಂಬಳವಿಲ್ಲದ ಸಾಹೇಬರು ಬಂದರು. ಅವರ ಹೆಸರಲ್ಲಿ ಇವನೇ ಬರೆಯುವ ಇಮೇಲು ಯಾವಾಗಲೂ ಒಂದೇ ಸಾಲು: ಸಾಧ್ಯವಿಲ್ಲ. ಆಮೇಲೆ ಇವನು ಫೋನು ಮಾಡಿ, "ನಾನಾಗಿದ್ರೆ ಮಾಡಿಕೊಡ್ತಿದ್ದೆ, ಸಾಹೇಬ್ರು ಒಪ್ಪಲ್ಲ," ಎಂದು ಸಮಾಧಾನ ಹೇಳುವುದು. ಬೈಗುಳ ಅವರ ಪಾಲಿಗೆ, ಪ್ರೀತಿ ಇವನ ಪಾಲಿಗೆ. ಹಾವೂ ಸಾಯದೆ ಕೋಲೂ ಮುರಿಯದೆ ಏಳು ವರ್ಷ ನಡೆಯಿತು.

ಆಸ್ಪತ್ರೆಯ ಮಾತಂತೂ ಪೂರ್ತಿ ಸುಳ್ಳೂ ಅಲ್ಲ. ತಾಯಿ ಒಳಗಿದ್ದಾಗ ಹೊರಗೆ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಇದೇ ಅಕ್ಕನ ಕೆಲಸ ಮಾಡಿಕೊಟ್ಟಿದ್ದ. ರಜೆ ಕೊಡುವವರು ಅವನಿಗೆ ಯಾರಿದ್ದರು?

"ಅಕ್ಕಾ, ಆ ಸಾಹೇಬ್ರು ಅಂದ್ರೆ..."

"ಅವನ ಪರ ವಹಿಸ್ಬೇಡ. ಅನ್ನದ ಋಣ ನಿನ್ನ ಬಾಯಿ ಕಟ್ಟಿದೆ, ನನಗೆ ಗೊತ್ತು." ಅಕ್ಕ ಒರೆಸುವ ಬಟ್ಟೆ ಕೆಳಗಿಟ್ಟಳು. "ನಮ್ಮ ಮನೆಯವರು ತೀರಿಕೊಂಡಾಗ ಎರಡು ತಿಂಗಳು ಅಂಗಡಿ ಬಾಗಿಲು ಹಾಕಿತ್ತು. ಆ ಎರಡು ತಿಂಗಳ ಸಾಫ್ಟ್‌ವೇರ್ ದುಡ್ಡು ಬಿಟ್ಟುಬಿಡಿ ಅಂತ ಬೇಡ್ಕೊಂಡೆ. ಏನು ಬರೆದ ಗೊತ್ತಾ? ಸಾಧ್ಯವಿಲ್ಲ, ನಿಯಮ ಎಲ್ಲರಿಗೂ ಒಂದೇ. ಅಷ್ಟೇ. ಅವತ್ತು ಎದುರಿಗಿದ್ದಿದ್ರೆ ಚಪ್ಪಲೀಲಿ ಹೊಡೀತಿದ್ದೆ. ನೀನು ಫೋನ್ ಮಾಡಿ ನನ್ನ ಜೊತೆ ಅತ್ತೆ. ಅದನ್ನ ಮರೀತೀನಾ?"

ಆ ಸಾಲು ಬರೆದದ್ದು, ಐದು ನಿಮಿಷ ಬಿಟ್ಟು ಫೋನು ಮಾಡಿದ್ದು, ಎರಡೂ ಅವನಿಗೆ ನೆನಪಿತ್ತು. ಅತ್ತದ್ದು ನಾಟಕವಲ್ಲ. ಆದರೆ ಈಗ ಅದನ್ನು ನಂಬುವವರು ಯಾರು? ನಿಜ ಹೇಳಿದರೆ ಕಂಪನಿ ಉಳಿದೀತೋ ಏನೋ, ಅಕ್ಕನ ಕಣ್ಣಲ್ಲಿ ಅವನು ಉಳಿಯುವುದಿಲ್ಲ. ಹೇಡಿ ಎನ್ನಿ, ಏನು ಬೇಕಾದರೂ ಎನ್ನಿ, ಅವನು ಬಾಯಿ ಮುಚ್ಚಿಕೊಂಡ.

"ಸೋಮವಾರದಿಂದ ನಮ್ಮಲ್ಲಿಗೇ ಬಾ," ಎಂದಳು ಅಕ್ಕ. "ಎಲ್ಲಾ ಅಂಗಡಿ ಕಂಪ್ಯೂಟರ್ ನೋಡ್ಕೊಳ್ಳೋಕೆ ಸಂಘಕ್ಕೆ ಒಬ್ರು ಬೇಕು. ಹೊಸ ಕಂಪನಿಯವರ ಸಾಫ್ಟ್‌ವೇರು ಹೇಗೆ ನಡೆಸೋದು ಅಂತ ಅವರೇ ಕಲಿಸ್ತಾರೆ. ಆದ್ರೆ ನಿನ್ನನ್ನ ಬಿಟ್ಟುಕೊಟ್ಟಿದೀನಿ ಅಂತ ಆ ಮನುಷ್ಯನ ಕೈಲಿ ಒಂದು ಕಾಗದ ಬರೆಸ್ಕೊಂಡು ಬಾ. ನಾಳೆ ತಗಾದೆ ತೆಗೀಬಾರ್ದು ನೋಡು. ಸಹಿ ಇರ್ಲಿ."

ಮನೆಗೆ ಬಂದು ಹೇಳಿದಾಗ ಹೆಂಡತಿಗೆ ಮೊದಲು ನಗು ಬಂತು. ಅವನ ಮುಖ ನೋಡಿ ನಿಲ್ಲಿಸಿದಳು.

"ಹೇಳಿಬಿಡಬೇಕಿತ್ತು."

"ಏನಂತ? ಚಪ್ಪಲೀಲಿ ಹೊಡೀಬೇಕು ಅಂತಿದ್ರಲ್ಲ, ಅವನು ನಾನೇ ಅಂತಲಾ?"

ಕಾಗದ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇವರು ನಮ್ಮಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದಾರೆ. ಇಂದಿನಿಂದ ಇವರನ್ನು ಬಿಡುಗಡೆ ಮಾಡಲಾಗಿದೆ.

ಹೆಂಡತಿ ಬಗ್ಗಿ ಓದಿದಳು. "ಒಂದು ಒಳ್ಳೇ ಮಾತು ಸೇರಿಸ್ರೀ. ಇಷ್ಟು ವರ್ಷ ಜೀವ ತೇದಿದೀರಿ."

"ಸಾಹೇಬ್ರು ಅಂಥ ಮಾತು ಬರೆಯೋರಲ್ಲ. ಬರೆದ್ರೆ ಅಕ್ಕನಿಗೆ ಅನುಮಾನ ಬರುತ್ತೆ," ಎಂದ. ಒಂದು ಒಳ್ಳೆಯ ಮಾತು ಅವನಿಗೆ ನಿಜವಾಗಿಯೂ ಬೇಕಿತ್ತು.

ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟುಕೊಂಡ. ಅವನ ಕೈಬರಹ ಅಕ್ಕನಿಗೆ ಚೆನ್ನಾಗಿ ಗೊತ್ತು. ಹೋದಾಗಲೆಲ್ಲ ಅಂಗಡಿಯ ಪುಸ್ತಕದಲ್ಲಿ ಏನು ರಿಪೇರಿಯಾಯಿತೆಂದು ಬರೆದು ಬರುತ್ತಿದ್ದ. ಸ್ವಲ್ಪ ಯೋಚಿಸಿ ಪೆನ್ನನ್ನು ಎಡಗೈಗೆ ತೆಗೆದುಕೊಂಡ. ಅಭ್ಯಾಸವಿಲ್ಲದ ಕೈ, ಮೊದಲ ಅಕ್ಷರಕ್ಕೇ ಕಾಗದ ಜಾರಿತು. ಹೆಂಡತಿ ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು.